ಬಾಗಿಲಲ್ಲಿ ಗಂಡಸಿನ ಚಪ್ಪಲಿ

"ಯಾವನೇ ಅವನು? ಹೊರಗೆ ಕರಿ, ಮುಖ ನೋಡೋಣ!"

ಬಾಗಿಲಲ್ಲಿದ್ದ ಗಂಡಸಿನ ಚಪ್ಪಲಿಯನ್ನು ಬೂಟುಗಾಲಲ್ಲಿ ಒದ್ದುಕೊಂಡೇ ಒಳಗೆ ನುಗ್ಗಿದ, ವಿಧವಾ ವೇತನದ ತಪಾಸಣೆ ಸಾಹೇಬ. ಅವನ ಬೆನ್ನಿಗೇ ಜವಾನ. ಇಸ್ತ್ರಿಯಕ್ಕ ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಅಂಗಿಯ ತೋಳಿನ ಮೇಲೆ ಎಳೆಯುತ್ತಿದ್ದವಳು ತಲೆ ಎತ್ತಿದಳು.

"ಯಾರೂ ಇಲ್ಲ ಸ್ವಾಮಿ. ನಮ್ಮೆಜಮಾನ್ರು ಹೋಗಿ ಆರು ವರ್ಷ ಆಯ್ತು."

"ಸತ್ತೋನು ಚಪ್ಪಲಿ ಬಿಟ್ಟು ಒಳಗೆ ಬರ್ತಾನೇನೇ?"

ಜವಾನ ಹಲ್ಲು ಕಿರಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ನುಂಗಿಕೊಂಡಳು. ವೇತನ ನಿಂತರೆ ಮಗಳ ಮೂರ್ಛೆ ಮಾತ್ರೆಯೂ ನಿಂತಂತೆ. ಹದಿನೆಂಟರ ಹುಡುಗಿ, ಹೋದ ಸಲ ಮಾತ್ರೆ ತಪ್ಪಿದಾಗ ಉರಿಯುವ ಒಲೆಯ ಮೇಲೇ ಬಿದ್ದಿದ್ದಳು. ಈ ತಿಂಗಳದ್ದು ಇನ್ನೂ ಬಂದಿಲ್ಲ, ಮಾತ್ರೆ ಮುಗಿದು ಮೂರು ದಿನ.

"ಕುಡುಕರ ಕಾಟ ಸ್ವಾಮಿ. ಕತ್ತಲಾದ್ರೆ ಬಾಗಿಲು ತಟ್ತಾರೆ. ಒಳಗೆ ಗಂಡಸಿದಾನೆ ಅಂದ್ಕೊಳ್ಲಿ ಅಂತ ಅವರ ಹಳೇ ಜೋಡು ಇಡ್ತೀನಿ. ಈ ಬೀದೀಲಿ ಒಂಟಿ ಹೆಂಗಸ್ರೆಲ್ಲ ಇಡ್ತೀವಿ."

"ಕುಡುಕರಿಗೆ ಮಾಡೋ ಮೋಸಾನೇ ಸರ್ಕಾರಕ್ಕೂ ಮಾಡ್ತೀಯ. ಏಯ್, ಆ ಬಟ್ಟೆ ಗಂಟು ಬಿಚ್ಚೋ."

ಜವಾನ ಗಂಟು ಕಿತ್ತ. ಬೆಳಗಿನಿಂದ ನಿಂತು ಮಡಿಸಿದ ಅಂಗಿಗಳೆಲ್ಲ ನೆಲದ ಪಾಲಾದವು.

"ನೋಡಿ ಸಾರ್, ಒಬ್ಬನಲ್ಲ, ಡಜನ್ ಇದ್ದಂಗಿದಾರೆ!"

"ನಿನ್ನ ಬುದ್ಧಿಗೆ ಬೆಂಕಿ ಹಾಕ! ಇಸ್ತ್ರಿಗೆ ಬಂದ ಬಟ್ಟೆ ಕಣೋ ಅವು. ಆ ನೀಲಿ ಗೆರೇದು ನಿಮ್ಮ ದೊಡ್ಡ ಸಾಹೇಬ್ರದ್ದು. ಹೋಗಿ ಅವರನ್ನೇ ಕೇಳು, ನನ್ನ ಗಂಡನಾ ಅಂತ."

ಬಾಗಿಲಲ್ಲಿ ಇಣುಕುತ್ತಿದ್ದ ಪಕ್ಕದ ಮನೆಯ ಹೊಲಿಗೆಯವಳು ಕಿಸಕ್ಕನೆ ನಕ್ಕಳು. ಆ ನಗುವನ್ನು ಸಾಹೇಬನಿಗೆ ಸಹಿಸಲಾಗಲಿಲ್ಲ. ಇಸ್ತ್ರಿಯಕ್ಕನ ಕೆನ್ನೆಗೆ ಫಟಾರನೆ ಬಾರಿಸಿದ. ತುಟಿ ಒಡೆದು ರಕ್ತ ಬಂತು.

"ಮುಂಡೆ! ಎಷ್ಟೇ ಕೊಬ್ಬು ನಿಂಗೆ?"

"ಹೂಂ, ಮುಂಡೇನೇ! ಅದನ್ನೇ ಅಲ್ವಾ ಆಗಿಂದ ಬಡ್ಕೋತಿರೋದು!"

"ನಾವು ಬೆವರು ಸುರಿಸಿ ತೆರಿಗೆ ಕಟ್ಟೋದು, ನೀವು ಕೂತು ಬಿಟ್ಟಿ ತಿನ್ನೋದು."

"ಕೂತು? ನಿಂತೂ ನಿಂತೂ ಕಾಲಿನ ನರ ಗಂಟು ಕಟ್ಟಿದೆ, ನೋಡು ಬಾ! ಸೋಪಿಗೆ ತೆರಿಗೆ, ಬೆಂಕಿಪೊಟ್ಟಣಕ್ಕೆ ತೆರಿಗೆ, ನನ್ನ ಮಗಳ ಮಾತ್ರೆಗೂ ತೆರಿಗೆ. ಅದನ್ನೆಲ್ಲ ನಿಮ್ಮಪ್ಪ ಕಟ್ಟಿದ್ನೇನೋ?"

ಸಾಹೇಬ ಇಸ್ತ್ರಿ ಮೇಜಿನ ಮೇಲೆ ಕಾಗದ ಹರಡಿ, ಎಡಗೈ ಊರಿ ಬರೆಯತೊಡಗಿದ. "ಮನೆಯಲ್ಲಿ ಗಂಡಸಿದ್ದಾನೆ, ವೇತನ ರದ್ದು. ಹಿಡಿಯೋ, ಹೆಬ್ಬೆಟ್ಟು ಒತ್ಸು."

ಜವಾನ ಅವಳ ಎಡಗೈ ತಿರುಚಿದ. ಮೂಲೆಯಲ್ಲಿ ನಡುಗುತ್ತಿದ್ದ ಮಗಳು "ಅಮ್ಮನ್ನ ಬಿಡೋ!" ಎಂದು ಓಡಿಬಂದು ಅವನ ತೋಳು ಕಚ್ಚಿದಳು. ಅವನು ಕೊಡವಿದ ರಭಸಕ್ಕೆ ಹುಡುಗಿಯ ತಲೆ ಗೋಡೆಗೆ ಬಡಿಯಿತು. ಕುಸಿದಳು. ಕೈಕಾಲು ಸೆಟೆದವು. ಬಾಯಲ್ಲಿ ನೊರೆ.

"ಅಯ್ಯೋ ನನ್ನ ಕಂದಾ!"

"ಶುರುವಾಯ್ತು ನಾಟಕ," ಎಂದ ಸಾಹೇಬ. ಊರಿದ ಕೈ ಎತ್ತದೆಯೇ, ಮೇಜಿನ ಬುಡದಲ್ಲಿ ಬಿದ್ದಿದ್ದ ಹುಡುಗಿಯ ಪಕ್ಕೆಗೆ ಬೂಟಿನ ತುದಿಯಿಂದ ತಿವಿದ. "ಏಯ್, ಏಳೇ."

ಇಸ್ತ್ರಿಯಕ್ಕನ ಬಲಗೈ ಪೆಟ್ಟಿಗೆಯ ಹಿಡಿ ಬಿಟ್ಟೇ ಇರಲಿಲ್ಲ. ಎತ್ತಿ, ಕಾಗದದ ಮೇಲೆ ಊರಿದ್ದ ಅವನ ಕೈಮೇಲೆ ಇಟ್ಟಳು. ಇಟ್ಟು, ಮೈಭಾರವೆಲ್ಲ ಹಾಕಿ ಒತ್ತಿದಳು. ಚರ್ಮ ಚುರ್ರೆಂದಿತು. ಅವನು ಊಳಿಟ್ಟ. ಬಿಡಿಸಲು ಬಂದ ಜವಾನನ ಮುಖಕ್ಕೆ ಅದೇ ಪೆಟ್ಟಿಗೆ ಬೀಸಿದಳು. ಕೆಂಡ ಚೆಲ್ಲಿ, ದೊಡ್ಡ ಸಾಹೇಬನ ಅಂಗಿ ಹೊತ್ತಿಕೊಂಡಿತು. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಬೀದಿಗೆ ಓಡಿದರು.

ಹೊಲಿಗೆಯವಳು ಒಳಗೆ ಬಂದು ಅಂಗಿಯ ಬೆಂಕಿ ತುಳಿದಳು. "ಅಕ್ಕಾ, ಪೊಲೀಸ್ರನ್ನ ಕರ್ಕೊಂಡ್ ಬರ್ತಾರೆ ಕಣೇ. ಹಿತ್ತಲಿಂದ ಓಡ್ಹೋಗು."

"ಮಗು ಇನ್ನೂ ಎದ್ದಿಲ್ವಲ್ಲೇ."

ನೆಲಕ್ಕೆ ಕೂತು ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ನೊರೆಯಲ್ಲಿ ರಕ್ತ ಬೆರೆತಿತ್ತು. ಮೈ ಅದುರುವುದು ನಿಲ್ಲಲಿಲ್ಲ. ಬೀದಿಯ ಕೊನೆಯಲ್ಲಿ ಜೀಪಿನ ಸದ್ದಾಯಿತು. ಒಂದು ಕೈಯಲ್ಲಿ ಮಗಳ ಗದ್ದ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಪೆಟ್ಟಿಗೆಯಲ್ಲಿ ಉಳಿದ ಕೆಂಡದ ಮೇಲೆ ಹೊಸ ಇದ್ದಿಲು ತುಂಬಿ ಊದತೊಡಗಿದಳು.