ನಾಲ್ಕರ ಹಿಂದಿನ ಒಂದು

"ಅಕ್ಷರ ಇನ್ನೂ ಕುಣೀತಾನೇ ಇವೆ ಕಣಮ್ಮ," ಎಂದರು ಅಪ್ಪ, ಮೂಗನ್ನು ಪರದೆಗೆ ತಾಗಿಸಿಕೊಂಡು. "ನಾಲ್ಕನೇದರಲ್ಲಿ ಸರಿಹೋಗತ್ತೆ ಅಂದಿದ್ದ ನಿಮ್ಮಣ್ಣ."

ಕಣ್ಣು ಮಂದವಾದವರಿಗೆ ಅಕ್ಷರವನ್ನು ದೊಡ್ಡದು ಮಾಡಿ ತೋರಿಸುವ ಆ ತಂತ್ರಾಂಶವನ್ನು ಅಣ್ಣ ಅಪ್ಪನಿಗಾಗಿಯೇ ಶುರುಮಾಡಿದ್ದ. ಈಗ ಲಿನಕ್ಸ್ ಬಳಸುವ ಎಷ್ಟೋ ಮಂದಿ ಅದನ್ನು ನೆಚ್ಚಿಕೊಂಡಿದ್ದರು. ನಾಲ್ಕನೇ ಆವೃತ್ತಿಯನ್ನು ತನ್ನ ಕಂಪ್ಯೂಟರಿನಲ್ಲೇ ಮುಗಿಸಿಟ್ಟು, ಎದೆನೋವೆಂದು ಮಲಗಿದವನು ಮತ್ತೆ ಏಳಲಿಲ್ಲ. ನಿನ್ನೆ ತಂಗಿಯೇ ಅದನ್ನು ಪ್ರಕಟಿಸಿದ್ದಳು. ಅಪ್ಪನಂತೆ ರಾತ್ರಿಯ ಪ್ಯಾಕೇಜು ಹಾಕಿಕೊಳ್ಳುತ್ತಿದ್ದ ಯಾರಿಗೂ ಅದು ತಲುಪಿರಲಿಲ್ಲ.

ತಪ್ಪು ಅವಳದೇ. ಅಂದಂದಿನ ಕೆಲಸವನ್ನು ಯಂತ್ರ ಪ್ರತಿ ರಾತ್ರಿ ಕಟ್ಟಿ ಕಳಿಸುವ ಪ್ಯಾಕೇಜಿಗೆ 4.0 ಎಂದು ಬರೆದು, ಒಂದು ಅಲೆಗೆರೆ ಎಳೆದು, ಆಮೇಲೆ ತಾರೀಖು ಹಾಕಬೇಕು. ಇದು ಅಸಲಿ ನಾಲ್ಕಕ್ಕಿಂತ ಕೆಳಗಿನದು ಎಂದು ಸಾರುವುದು ಆ ಗೆರೆಯೇ. ಅಣ್ಣನನ್ನು ಕಳಿಸಿಬಂದ ವಾರ ಅವಳು ಗೆರೆ ಹಾಕಲು ಮರೆತಿದ್ದಳು. ರಾತ್ರಿಯದೇ ದೊಡ್ಡದೆಂದು ನಂಬಿದ ಕಂಪ್ಯೂಟರುಗಳು ಅಣ್ಣನದನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಸರ್ವರ್ ನೋಡಿಕೊಳ್ಳುವ ಗೆಳತಿ ಫೋನಿನಲ್ಲಿ, "ಐದು ಅಂತ ಕರೆದು ಕಳಿಸಿಬಿಡೇ. ಯಾರಿಗೂ ಗೊತ್ತಾಗಲ್ಲ," ಎಂದಳು.

"ಅವನು ಮಾಡಿದ್ದು ನಾಲ್ಕು."

"ಹಾಗಾದ್ರೆ ಅದರ ಹಿಂದೆ ಇನ್ನೊಂದು ಅಂಕಿ ಅಂಟಿಸ್ಬೇಕು. ಅದಿದ್ರೆ ಇದೇ ದೊಡ್ಡದು ಅಂತ ಕಂಪ್ಯೂಟರು ನಂಬತ್ತೆ, ತೆಗೆದ್ರೆ ಮತ್ತೆ ಚಿಕ್ಕದು. ಆಮೇಲೆ ಯಾವತ್ತೂ ತೆಗೆಯೋಕೆ ಬರಲ್ಲ, ಗೊತ್ತಲ್ಲ?"

ಗೊತ್ತಿತ್ತು. ಬೇರೆಯವರ ಪ್ಯಾಕೇಜಿನಲ್ಲಿ ಆ ಅಂಕಿ ಕಂಡರೆ, "ಪಾಪ, ಎಲ್ಲೋ ಎಡವಿ ಹಲ್ಲು ಮುರ್ಕೊಂಡಿದಾರೆ," ಎಂದು ಅಣ್ಣ ನಗುತ್ತಿದ್ದ. ತನ್ನದಕ್ಕೆ ಅದು ತಗಲದಂತೆ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಿದ್ದ. ಅವಳಿಗೆ ಅಳು ಬರಬೇಕಿತ್ತೇನೋ. ಒಳಗೆಲ್ಲ ಮರಗಟ್ಟಿತ್ತು. ಒಂದು, ಮೇಲೊಂದು ಕೆಳಗೊಂದು ಚುಕ್ಕಿ, ಆಮೇಲೆ ನಾಲ್ಕು ಎಂದು ಒತ್ತಿ ಪ್ರಕಟಿಸಿದಳು. ಆಮೇಲೆ ಎದ್ದು ಲೋಟ ತೊಳೆದಿಟ್ಟಳು.

ಸಂಜೆ ಅಪ್ಪನ ಪರದೆಯಲ್ಲಿ ಹೊಸದು ಬಂದಿದೆ ಎಂಬ ಸೂಚನೆ ಕಾಣಿಸಿತು. ಅವರು ಒಪ್ಪಿಗೆ ಒತ್ತಿ, ಕಾದು, ದಿನಪತ್ರಿಕೆ ತೆರೆದರು. ಅಕ್ಷರಗಳು ಕದಲದೆ ನಿಂತಿದ್ದವು.

"ಬಂತು ಕಣಮ್ಮ, ಅವನದು." ಮತ್ತೆ ಸೂಚನೆಯ ಕಡೆ ಬಗ್ಗಿದರು. "ನಾಲ್ಕರ ಹಿಂದೆ ಇದೇನು, ಒಂದು?"

"ಅದು ನಂದಪ್ಪ. ಇನ್ನು ಅಲ್ಲೇ ಇರತ್ತೆ."

ಅಪ್ಪ ಕುರ್ಚಿಯನ್ನು ಪರದೆಯಿಂದ ಹಿಂದಕ್ಕೆ ಸರಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಓದತೊಡಗಿದರು.