ಅರ್ಥ ಹೇಳುವ ಹುಡುಗಿ

ಆರನೆಯ ಅತಿಥಿ ಮೈಕಿನ ಮುಂದೆ ನಿಂತಾಗ ಹನ್ನೆರಡು ಹೊಡೆದಿತ್ತು. ಹತ್ತಕ್ಕೆ ಶುರುವಾಗಬೇಕಿದ್ದ ಸಿನಿಮಾದ ಸುಳಿವೇ ಇರಲಿಲ್ಲ. ಮಾದಿಹಳ್ಳಿ, ಹುಲಿಕೆರೆ, ಕಣಕಟ್ಟೆ ಶಾಲೆಗಳ ನೂರಾ ನಲವತ್ತು ಮಕ್ಕಳು ಬೆಳಿಗ್ಗೆಯೇ ಬಸ್ಸು ಹತ್ತಿ ಅರಸೀಕೆರೆಯ ಈ ಸಮುದಾಯ ಭವನಕ್ಕೆ ಬಂದು, ಹೇಳಿದಾಗಲೆಲ್ಲ ಚಪ್ಪಾಳೆ ತಟ್ಟಿ, ಈಗ ಅಂಗೈ ಉಜ್ಜಿಕೊಳ್ಳುತ್ತ ಕೂತಿದ್ದರು. ವೇದಿಕೆಯ ಹಿಂದೆ ಬ್ಯಾನರು: ಅಂತರರಾಷ್ಟ್ರೀಯ ಮಕ್ಕಳ ಮತ್ತು ಕುಟುಂಬ ಚಿತ್ರೋತ್ಸವ. ಮುಂದಿನ ಎರಡು ಸಾಲಿನ ಸೋಫಾಗಳಲ್ಲಿ ಅತಿಥಿಗಳು ಮತ್ತು ಅವರ ಮನೆಯವರು.

"ಸಿನಿಮಾಗೆ ಭಾಷೆ ಇಲ್ಲ ಮಕ್ಕಳೇ," ಎಂದರು ಅತಿಥಿಗಳು.

ಮಾದಿಹಳ್ಳಿ ಶಾಲೆಯ ಬಿಸಿಯೂಟದ ಮಾರಮ್ಮ ಪಕ್ಕದಲ್ಲಿದ್ದ ಪ್ರಿಯಂವದಾಳ ಕಡೆ ಬಾಗಿದಳು. "ಮುಂಚೆ ಬಂದ ಅಪ್ಪಾನೂ ಇದ್ನೇ ಅಂದ್ನಲ್ಲ ಮಿಸ್. ಒಬ್ರು ಹೇಳುದ್ರೆ ಸಾಲ್ದಾ?"

ಪ್ರಿಯಂವದಾಗೆ ನಗು ಬರಲಿಲ್ಲ. ಅದೇ ಶಾಲೆಯಲ್ಲಿ ಏಳನೇ ತರಗತಿಗೆ ಪಾಠ ಹೇಳುವ ಅವಳ ಕೈಯಲ್ಲಿ ನಲವತ್ತು ಪುಟದ ನೋಟ್‌ಬುಕ್ಕಿತ್ತು. ಇವತ್ತಿನ ಸಿನಿಮಾ, ಮೀನುಗಾರರ ಊರಿನ ಒಬ್ಬ ಹುಡುಗಿ ಕಿವುಡ ತಾತನನ್ನು ದೋಣಿಯಲ್ಲಿ ಕೂರಿಸಿಕೊಂಡು, ಅವನು ಹಿಂದೆ ಕೆಲಸ ಮಾಡಿದ್ದ ದೀಪಸ್ತಂಭಕ್ಕೆ ಹೋಗುವ ಕಥೆ. ಯಾವುದೋ ತಣ್ಣನೆಯ ದೇಶದ ಭಾಷೆ, ಕೆಳಗೆ ಇಂಗ್ಲಿಷ್ ಅಕ್ಷರ. ಆ ಅಕ್ಷರ ಒಂದು ಸಾಲು ಓದುವಷ್ಟರಲ್ಲಿ ತೆರೆಯ ಮೇಲೆ ಮೂರು ಸಾಲು ಹೋಗಿರುತ್ತವೆ. ತನ್ನ ಮಕ್ಕಳಿಗೆ ಅದು ದಕ್ಕುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಚಿತ್ರವನ್ನು ಮೊದಲೇ ತರಿಸಿಕೊಂಡು, ಹನ್ನೆರಡು ದಿನ ಕೂತು ಪ್ರತಿ ಮಾತನ್ನೂ ಕನ್ನಡಕ್ಕೆ ತಂದಿದ್ದಳು.

ತೆರೆಯ ಮಾತಿನ ಹಿಂದೆಯೇ ಅದನ್ನು ಹೇಳುವವಳು ಅವಳ ತರಗತಿಯ ದರ್ಶಿನಿ. ಅವಳ ತಾತ ಪದ್ಮಕುಮಾರ ಹಳೇಬೀಡಿನ ಬಸದಿಯಲ್ಲಿ ಹಳಗನ್ನಡದ ಪುರಾಣ ಓದುತ್ತಾರೆ. ಅವರು ಒಂದು ಪದ್ಯ ಓದಿ ನಿಲ್ಲಿಸಿದರೆ ಈ ಹುಡುಗಿ ಮನೆಮಾತಿನಲ್ಲಿ ಅರ್ಥ ಹೇಳಬೇಕು. ಎಂಟನೆಯ ವಯಸ್ಸಿನಿಂದ ಅದೇ ಅಭ್ಯಾಸ. ಓದಿನ ಮೇಲೆ ಮಾತು ಹತ್ತಿಸಬಾರದು, ತನ್ನದೊಂದು ಸೇರಿಸಬಾರದು. ನಡುವೆ ಯಾರಾದರೂ ಅಡ್ಡ ಬಂದು ಓದು ನಿಂತರೆ ತಾತ ಆ ಕಥೆಯನ್ನು ಮತ್ತೆ ಮೊದಲಿಂದ ತೆಗೆಯುತ್ತಿದ್ದರು. ಸಿನಿಮಾಕ್ಕೂ ಹಾಗೇ ಮಾಡಿದರಾಯಿತು ಅಂದಿದ್ದಳು ದರ್ಶಿನಿ. ಉತ್ಸವ ಸಮಿತಿಯ ಕಾರ್ಯದರ್ಶಿ, ಕೊಬ್ಬರಿ ಮಂಡಿಯ ಜಯದೇವಪ್ಪ, ಫೋನಿನಲ್ಲಿ "ಮೈಕ್ ಕೊಡೋಣ ಬಿಡಿ ಮೇಡಂ" ಎಂದು ಒಪ್ಪಿಯೂ ಇದ್ದರು.

ಭಾಷಣ ಮುಗಿದದ್ದೇ ಪ್ರಿಯಂವದಾ ದರ್ಶಿನಿಯನ್ನು ಕರೆದುಕೊಂಡು ವೇದಿಕೆಯ ಪಕ್ಕಕ್ಕೆ ಹೋದಳು. ಜಯದೇವಪ್ಪ ಮೈಕಿನ ವೈರು ಸುತ್ತಿಸುತ್ತಿದ್ದರು.

"ಸಾರ್, ಮೈಕು."

"ಈಗ ಬ್ಯಾಡ ಮೇಡಂ. ಬೆಂಗಳೂರಿಂದ ದೊಡ್ಡೋರು ಬಂದವ್ರೆ. ಮಧ್ಯೆ ಮಧ್ಯೆ ಮಾತಾಡುದ್ರೆ ಅವ್ರಿಗೆ ಡಿಸ್ಟರ್ಬ್ ಆಯ್ತದೆ."

"ನೀವೇ ಒಪ್ಪಿದ್ರಿ."

"ಅಕ್ಷರ ಬತ್ತದಲ್ಲ ಕೆಳಗೆ?"

"ಅದು ಇಂಗ್ಲಿಷ್‌ನಲ್ಲಿದೆ ಸಾರ್."

"ಓದ್ಲಿ. ಇಂಗ್ಲಿಷ್ ಇಂಪ್ರೂವ್ ಆಯ್ತದೆ." ಅವರು ಆಗಲೇ ಸೋಫಾದ ಕಡೆ ಕೈ ಮುಗಿಯುತ್ತ ಹೊರಟಿದ್ದರು.

ಇನ್ನೊಂದು ಮಾತು ಆಡಬಹುದಿತ್ತು. ಸೋಫಾದಲ್ಲಿ ಇಲಾಖೆಯ ಅಧಿಕಾರಿಯೂ ಕೂತಿದ್ದಾರೆಂದು ನೆನಪಾಗಿ ಪ್ರಿಯಂವದಾ ಬಾಯಿ ಮುಚ್ಚಿದಳು. ದರ್ಶಿನಿಯನ್ನು ಕರೆದುಕೊಂಡು ವಾಪಸು ಬಂದು ಕೂತಳು.

ದೀಪ ಆರಿತು. ತೆರೆಯ ತುಂಬ ಬೂದುಬಣ್ಣದ ಸಮುದ್ರ. ಹುಡುಗಿಯೊಬ್ಬಳು ಬಲೆ ಬಿಡಿಸುತ್ತ ಏನೋ ಹೇಳಿದಳು. ಸೋಫಾಗಳಲ್ಲಿ ನಕ್ಕರು. ಹಿಂದಿನ ನೂರಾ ನಲವತ್ತು ಮುಖಗಳಲ್ಲಿ ಒಂದೂ ನಗಲಿಲ್ಲ.

"ಏನಂತೆ?" "ಏನಂತ್ಲಾ?" "ಸುಮ್ನಿರಲಾ, ನಂಗೇನ್ ಗೊತ್ತು."

"ಭಾಷೆ ಇಲ್ಲ ಅಂದ್ರಲ್ಲ," ಎಂದಳು ಮಾರಮ್ಮ, "ಮತ್ತೆ ಕೆಳಗೆ ಅದೇನ್ ಬರ್ಕಂಡವ್ರೆ?"

ಹತ್ತು ನಿಮಿಷದಲ್ಲಿ ಹುಲಿಕೆರೆಯ ಹುಡುಗರು ಒಬ್ಬರ ಕಾಲೊಬ್ಬರು ತುಳಿಯತೊಡಗಿದರು. ಆಗ ದರ್ಶಿನಿ ಎದ್ದು ನಿಂತಳು. ನೋಟ್‌ಬುಕ್ ಕೇಳಲಿಲ್ಲ, ಎಲ್ಲ ಬಾಯಿಗೆ ಬಂದಿತ್ತು. ತೆರೆಯ ಹುಡುಗಿ ಮಾತು ನಿಲ್ಲಿಸುವವರೆಗೆ ಕಾದು ಹೇಳಿದಳು: "ತಾತಂಗೆ ಕಿವಿ ಕೇಳಲ್ಲ, ಅದಕ್ಕೇ ಅವನ ಜೊತೆ ಜಗಳ ಆಡಿದ್ರೆ ನಾನೇ ಗೆಲ್ಲೋದು ಅಂತಾಳೆ."

ಮಕ್ಕಳು ನಕ್ಕರು. ಸೋಫಾದವರು ನಕ್ಕು ಮುಗಿಸಿದ ಮೇಲೆ, ಆದರೆ ಹೊಟ್ಟೆ ತುಂಬ ನಕ್ಕರು. ಆಮೇಲೆ ಭವನದ ಸದ್ದಡಗಿತು. ಬಸದಿಯ ಕಲ್ಲಿನ ಗೋಡೆಗಳ ನಡುವೆ ಪಳಗಿದ ಗಂಟಲು, ಮೈಕಿಲ್ಲದೆಯೂ ಕೊನೆಯ ಸಾಲಿಗೆ ಮುಟ್ಟುತ್ತಿತ್ತು. ಕಾಲು ಗಂಟೆ ಹೀಗೇ ನಡೆಯಿತು. ತಾತ ದೋಣಿ ಹತ್ತಲು ಒಪ್ಪಿದ.

ಫಕ್ಕನೆ ದೀಪ ಹತ್ತಿತು. ತೆರೆಯ ಮೇಲೆ ದೋಣಿ ಹಾಗೇ ನಿಂತುಬಿಟ್ಟಿತು. ಜಯದೇವಪ್ಪ ನಡುವಿನ ದಾರಿಯಲ್ಲಿ ದಪದಪನೆ ಬಂದರು.

"ಯಾವೋಳದು ಬಾಯಿ ಮಾಡ್ತಿರೋದು? ಕೂತ್ಕಳೇ! ಶಿಸ್ತು ಗಿಸ್ತು ಏನೂ ಕಲಿಸಿಲ್ವೇನ್ರೀ ಮೇಡಂ?"

ದರ್ಶಿನಿ ಕೂರಲಿಲ್ಲ. ತನ್ನ ಟೀಚರ ಮುಖ ನೋಡುತ್ತಿದ್ದಳು. ಆಗ ಪ್ರಿಯಂವದಾಳ ಸಿಟ್ಟು ಮೊದಲು ತಿರುಗಿದ್ದು ತನ್ನ ಮೇಲೇ. ಹನ್ನೆರಡು ದಿನ ದುಡಿದವಳು ಒಂದು ಮಾತಿಗೆ ಮೈಕು ಬಿಟ್ಟುಕೊಟ್ಟು ಬಂದಿದ್ದಳು. ಎದ್ದಳು.

"ಏಳ್ರೋ ಎಲ್ಲಾ. ಲೈನ್ ಮಾಡ್ಕೊಳ್ಳಿ. ಬಸ್ ಹತ್ರ ನಡೀರಿ."

ಉಳಿದೆರಡು ಶಾಲೆಯ ಮೇಷ್ಟ್ರುಗಳೂ ಎದ್ದರು. ನೂರಾ ನಲವತ್ತು ಕುರ್ಚಿ ಒಟ್ಟಿಗೆ ಕಿರುಗುಟ್ಟಿದವು. ಜಯದೇವಪ್ಪನ ಮುಖ ಇಳಿಯಿತು.

"ಎಲ್ಲಿಗ್ರೀ? ಕೊನೇಲಿ ಗ್ರೂಪ್ ಫೋಟೋ ಐತೆ! ಪೇಪರ್‌ನೋರು ಬತ್ತಾರೆ!"

"ಖಾಲಿ ಕುರ್ಚಿ ಫೋಟೋ ತೆಗೀರಿ ಸಾರ್. ಅದಕ್ಕೂ ಭಾಷೆ ಬೇಡ."

"ಅಯ್ಯೋ, ಇರ್ರೀ, ಇರ್ರೀ..." ಅವರು ಸೋಫಾದ ಕಡೆ ಒಮ್ಮೆ, ಬಾಗಿಲಿನ ಕಡೆ ಒಮ್ಮೆ ನೋಡಿದರು. ಆಮೇಲೆ ತಾವೇ ಹೋಗಿ ಮೈಕು ತಂದರು. "ತಗಳವ್ವ, ಹೇಳು. ಬೇಗ."

ದರ್ಶಿನಿ ಮೈಕು ಮುಟ್ಟಲಿಲ್ಲ. "ಮೊದಲಿಂದ ಹಾಕ್ಸಿ ಅಂಕಲ್."

"ಏನು?"

"ಮಧ್ಯದಲ್ಲಿ ನಿಂತುಹೋಯ್ತಲ್ಲ. ನಿಂತ್ರೆ ಮೊದಲಿಂದಾನೇ ಓದ್ಬೇಕು. ಶುರುವಿನ ಹತ್ತು ನಿಮಿಷ ಇವ್ರಿಗೆ ಯಾರಿಗೂ ತಿಳಿದಿಲ್ಲ."

"ಗೆಸ್ಟ್‌ಗಳಿಗೆ ಊಟಕ್ಕೆ ಹೊತ್ತಾಯ್ತದೆ ಕಣಮ್ಮ!"

"ಮಾಡ್ಲಿ ಬಿಡಿ ಸಾರ್," ಎಂದಳು ಮಾರಮ್ಮ. "ನಮ್ ಮಕ್ಳು ಉಪ್ಪಿಟ್ಟು ತಿಂದು ಬಂದವೆ, ತಡೀತವೆ."

ಜಯದೇವಪ್ಪ ಪ್ರೊಜೆಕ್ಟರಿನವನಿಗೆ ಕೈ ಮಾಡಿದರು, ದರ್ಶಿನಿ ಮೈಕು ತೆಗೆದುಕೊಂಡಳು. ಸಿನಿಮಾ ಮೊದಲಿಂದ ಶುರುವಾಯಿತು. ಸಮುದ್ರದ ಅಲೆ ಎರಡನೆಯ ಸಲ ಬಂದಾಗಲೇ ಸೋಫಾದವರು ಒಬ್ಬೊಬ್ಬರಾಗಿ ಎದ್ದು ಊಟದ ಹಾಲಿಗೆ ನಡೆದರು. ಮಕ್ಕಳ ಮತ್ತು ಕುಟುಂಬ ಚಿತ್ರೋತ್ಸವದ ಮುಂದಿನ ಎರಡು ಸಾಲು ಖಾಲಿಯಾಯಿತು. ಮಾರಮ್ಮ ಕಣಕಟ್ಟೆಯ ನಾಲ್ಕು ಚಿಕ್ಕ ಮಕ್ಕಳನ್ನು ಎಳೆದುಕೊಂಡು ಹೋಗಿ ಸೋಫಾದಲ್ಲಿ ಕಾಲು ಮಡಚಿ ಕೂತಳು.

ಜಯದೇವಪ್ಪ ಬಾಗಿಲ ಬಳಿ ಪ್ರಿಯಂವದಾಳನ್ನು ತಡೆದರು. "ಇದನ್ನ ಇಷ್ಟಕ್ಕೆ ಬಿಡಲ್ಲ ಮೇಡಂ. ಇಲಾಖೆಗೆ ಬರೀತೀನಿ."

"ಬರೀರಿ ಸಾರ್. ಇಂಗ್ಲಿಷ್‌ನಲ್ಲೇ ಬರೀರಿ, ಇಂಪ್ರೂವ್ ಆಗತ್ತೆ."

ಅವರು ಬರೆಯುತ್ತಾರೆ, ನೋಟಿಸು ಬರುತ್ತದೆ, ಅದರಲ್ಲಿ ಅನುಮಾನವಿರಲಿಲ್ಲ. ನೋಟ್‌ಬುಕ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವಳು ಒಳಗೆ ಹೋದಳು. ತೆರೆಯ ಮೇಲೆ ತಾತ ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ ಇಟ್ಟು ಏನೋ ಗೊಣಗುತ್ತಿದ್ದ. ಅವನು ಗೊಣಗಿ ಮುಗಿಸುವುದನ್ನೇ ದರ್ಶಿನಿ ಕಾಯುತ್ತಿದ್ದಳು. ನೂರಾ ನಲವತ್ತು ಮಕ್ಕಳು ಅವಳನ್ನು ಕಾಯುತ್ತಿದ್ದರು.