ಬೆಂಚು ಕಿತ್ತ ಬೋಟು

ನಮ್ಮ ಭಾವನ ಬೋಟಿಗೆ ಜನ ಇಟ್ಟ ಹೆಸರು ‘ಸೀರಿಯಲ್’. ಹತ್ತಿದರೆ ಮುಗಿಯುವುದೇ ಇಲ್ಲ. ತೇಲುವುದಕ್ಕೆ ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಕಬ್ಬಿಣದ ಬೆಂಚು, ಹಿಂದೆ ಕೆಮ್ಮುವ ಎಂಜಿನ್. ಹೊಳೆಯ ಆಚೆ ದಡದ ನೂಲಿನ ಗಿರಣಿಗೆ ಕೆಲಸಗಾರರನ್ನು ದಾಟಿಸುವುದೊಂದೇ ಅದರ ಬಾಳು. ಈಗ ಸ್ವಲ್ಪ ದೂರದಲ್ಲಿ ಸೇತುವೆಯಾಗಿ, ಗಿರಣಿಯವರು ಬಸ್ಸಿನ ಮಾತೆತ್ತಿದ್ದರು. ಸೂಪರ್‌ವೈಸರ್ ದಡಕ್ಕೇ ಬಂದು ಹೇಳಿದ: “ಸೋಮವಾರ ನಾನೂ ಹತ್ತುತೀನಿ. ಸೈರನ್‌ಗೆ ಮುಂಚೆ ಮುಟ್ಟಿಸಿದ್ರೆ ಕೆಲಸ ನಿಮ್ದೇ. ಇಲ್ಲಾಂದ್ರೆ ಬಸ್ಸು.”

ನಾನು ಕಾಲರ್ ಎತ್ತಿದೆ. “ಸಾರ್, ಸೈರನ್ ಕೂಗೋದು ಟೈಮಿಗೆ. ಸೋಮವಾರದಿಂದ ಕೂಗೋದು ನಮ್ಮನ್ನ ನೋಡಿ, ಹೆದರಿ!”

ಭಾವ ನನ್ನ ಕತ್ತಿಗೆ ಒಂದು ಬಿಟ್ಟ. “ಸಿನಿಮಾ ಆಮೇಲೆ. ಸ್ಪ್ಯಾನರ್ ತಗೊಂಬಾ.”

ಗಿರಣಿಯ ಜನ ಬಿಟ್ಟರೆ ಬೋಟಿಗೆ ಗತಿಯಿಲ್ಲ. ಬೋಟು ಬಿಟ್ಟರೆ ಭಾವನಿಗೆ ಬೇರೆ ವಿದ್ಯೆಯಿಲ್ಲ. ನಾನಂತೂ ಅವನ ಅನ್ನ ತಿಂದು ಅವನನ್ನೇ ಗೇಲಿ ಮಾಡುವ ಭಾಮೈದ.

ಬೋಟನ್ನು ದಡಕ್ಕೆಳೆದೆವು. ಕೊಳವೆಗಳ ಹೊಟ್ಟೆಗಂಟಿದ ಪಾಚಿ ಕೆರೆದೆವು. ಹಲಗೆಯ ಅಡಿಯ ಅಡ್ಡಪಟ್ಟಿಗಳಿಗೆ ನೀರು ಬಡಿದು ಬೋಟನ್ನು ಹಿಂದಕ್ಕೆ ಜಗ್ಗುತ್ತಿತ್ತು; ಅಲ್ಲಿ ಉದ್ದಕ್ಕೂ ನುಣ್ಣನೆಯ ತಗಡು ಹೊದಿಸಿದೆವು. ನೀರಿನ ಎಳೆತ ತಗ್ಗಲೆಂದು ಎಂಜಿನ್ನನ್ನು ಒಂದು ಬೋಲ್ಟಿನ ತೂತಿನಷ್ಟು ಮೇಲಕ್ಕೇರಿಸಿದೆವು. ಆಮೇಲೆ ಭಾವನಿಗೆ ಭಾರದ ಹುಚ್ಚು ಹತ್ತಿತು. ಚಾವಣಿ ಕಿತ್ತ. ಕಬ್ಬಿಣದ ಬೆಂಚುಗಳನ್ನೂ ಕಿತ್ತ.

ಅಕ್ಕ ದಡದಲ್ಲೇ ಇದ್ದ ಮನೆಯ ಬಾಗಿಲಲ್ಲಿ ನಿಂತು ನೋಡಿದಳು. “ಕಟ್ಕೊಂಡವಳನ್ನೂ ಇಳಿಸಿಬಿಡಿ, ಇನ್ನೂ ಹಗುರಾಗುತ್ತೆ.”

“ನೀನು ಹತ್ತಿದ್ರೆ ತಾನೇ ಇಳಿಸೋದು? ನೀರು ಕಂಡ್ರೆ ಬೆಕ್ಕಿನ ಥರ ಓಡ್ತೀಯ.”

“ನಗಬೇಡಿ. ಬೆಂಚಿಲ್ದೆ ಜನ ಎಲ್ಲಿ ಕೂರ್ತಾರೆ?”

“ನಿಂತ್ಕೋತಾರೆ. ಬಸ್ಸಲ್ಲಿ ನಿಲ್ಲಲ್ವಾ?”

ಭಾನುವಾರ ನಾವಿಬ್ಬರೇ ನೀರಿಗಿಳಿಸಿ ನೋಡಿದೆವು. ಎಂಜಿನ್ನಿನ ಹಿಡಿ ತಿರುವಿದ್ದೇ ತಡ, ಬೋಟಿನ ಮೂಗು ಮೇಲೆದ್ದು ಭಾವನಿಗೆ ಎದುರಿನ ದಡವೇ ಕಾಣದಾಯಿತು. “ಹಿಂದೆ ಭಾರ ಜಾಸ್ತಿ ಕಣೋ,” ಎಂದು ಬ್ಯಾಟರಿಯನ್ನೂ ಪೆಟ್ರೋಲ್ ಟ್ಯಾಂಕನ್ನೂ ಮುಂದಕ್ಕೆ ತಂದು ಬಿಗಿದ. ಮತ್ತೆ ಬಿಟ್ಟಾಗ ಬೋಟು ಮಟ್ಟಸವಾಗಿ, ನೀರನ್ನು ಮುಟ್ಟಿಯೂ ಮುಟ್ಟದ ಹಾಗೆ ಓಡಿತು. ಭಾವ ಮೊದಲ ಸಲ ಸಿಳ್ಳೆ ಹೊಡೆದ. ಅವನಿಗೆ ಸಿಳ್ಳೆ ಬರುತ್ತದೆಂಬುದೇ ನನಗೆ ಗೊತ್ತಿರಲಿಲ್ಲ.

ಸೋಮವಾರ ಬೋಟು ತುಂಬಿತು. ಸೂಪರ್‌ವೈಸರ್ ಹೊಸ ಬೂಟು ಹಾಕಿಕೊಂಡು ಭಾವನ ಪಕ್ಕ ನಿಂತ. ನಾನು ಕಂಬಿ ಹಿಡಿದು ಕೂಗಿದೆ: “ತಾಯಂದಿರೇ, ಅಣ್ಣಂದಿರೇ! ಇಷ್ಟು ದಿನ ನೀವು ನೋಡಿದ್ದು ಟ್ರೈಲರ್ರು!”

ಎಲ್ಲರೂ ಹೋ ಎಂದರು. ಅರ್ಧ ನೀರಿನವರೆಗೆ ಬೋಟು ನಿಜಕ್ಕೂ ಹಾರಿಕೊಂಡೇ ಹೋಯಿತು. ಸೂಪರ್‌ವೈಸರ್ ಕೂಡ ಹುಬ್ಬೇರಿಸಿದ. ಗಿರಣಿಯ ಗೇಟು ಕಣ್ಣಿಗೆ ಬಿತ್ತು. ಅಲ್ಲಿ ಹಾಜರಿಯ ಸಾಲಿದೆ. ಮೊದಲು ಇಳಿದವರಿಗೆ ಮೊದಲ ಜಾಗ. ಹಿಂದೆ ಬೆಂಚುಗಳಿದ್ದಾಗ ಕೂತವರು ಕೂತೇ ಇರುತ್ತಿದ್ದರು. ಈಗ ಅಡ್ಡವೇನೂ ಇರಲಿಲ್ಲ. ಒಬ್ಬರ ಹಿಂದೆ ಒಬ್ಬರು ಮುಂದಕ್ಕೆ ಸರಿದರು.

ಮೂಗು ತಗ್ಗಿತು. ನಾನು ಅರಚಿದೆ: “ಹಿಂದೆ ಹೋಗಿ! ಎಲ್ರೂ ಹಿಂದೆ ಹೋಗಿ, ಮುಳುಗ್ತೀವಿ!”

ಜನ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. “ಒನ್ಸ್ ಮೋರ್!”

“ಡೈಲಾಗಲ್ಲ ಕಣ್ರೋ! ನಿಮ್ಮ ಕಾಲಿಗೆ ಬೀಳ್ತೀನಿ!”

“ಅಳೋ ಸೀನು ಇನ್ನೂ ಚೆನ್ನಾಗಿದೆ ಕಣೋ!” ಎಂದಳು ನೂಲು ಸುತ್ತುವ ಹೆಂಗಸೊಬ್ಬಳು.

ನಾವು ಹೊದಿಸಿದ ತಗಡು ನೇಗಿಲಿನ ಹಾಗೆ ನೀರಿಗೆ ನಾಟಿತು. ಹಲಗೆಯ ಮೇಲೆ ನೀರು ನುಗ್ಗಿ ಮೊಣಕಾಲು ಮುಟ್ಟಿದಾಗ ನಗು ಕಿರುಚಾಟವಾಯಿತು. ಭಾವ ಎಂಜಿನ್ ಆರಿಸಿದ. ಎಲ್ಲರೂ ಹಿಂದಕ್ಕೆ ಓಡಿದರು. ಬೋಟು ಒಂದು ಸಲ ತೂಗಿ, ಸುಧಾರಿಸಿಕೊಂಡು, ನಡುನೀರಿನಲ್ಲಿ ನಿಂತಿತು. ಒಬ್ಬರಿಗೂ ಗಾಯವಾಗಲಿಲ್ಲ. ನೆನೆದ ಎಂಜಿನ್ನಿನ ಹಗ್ಗವನ್ನು ಭಾವ ಎಳೆದ, ಮತ್ತೆ ಎಳೆದ. ಅವನು ಎಳೆಯುತ್ತಿರುವಾಗಲೇ ಸೈರನ್ ಕೂಗಿತು.

ಕೊನೆಗೆ ಎಂಜಿನ್ ಹತ್ತಿತು. ಆಮೆಯ ನಡಿಗೆಯಲ್ಲಿ ದಡ ಸೇರಿದೆವು. ಸೂಪರ್‌ವೈಸರ್ ಬೂಟು ಬಿಚ್ಚಿ ನೀರು ಸುರಿದ. “ನಾನು ಕೇಳಿದ್ದು ವೇಗ ಕಣಯ್ಯಾ. ಆಳ ಅಲ್ಲ.”

“ಸಾರ್, ಬೆಂಚು ಮತ್ತೆ ಹಾಕ್ತೀನಿ. ಟ್ಯಾಂಕ್ ಹಿಂದಕ್ಕೆ ತರ್ತೀನಿ. ತಪ್ಪು ಎಲ್ಲಿ ಅಂತ ಗೊತ್ತಾಯ್ತು ಸಾರ್,” ಎಂದ ಭಾವ.

“ಬೆಂಚು ಹಾಕಿದ್ರೆ ಮತ್ತೆ ಹಳೇ ಸೀರಿಯಲ್ಲೇ ಅಲ್ವಾ?” ಸೂಪರ್‌ವೈಸರ್‌ನ ದನಿಯಲ್ಲಿ ಸಿಟ್ಟಿರಲಿಲ್ಲ. “ಸಂಜೆ ವಾಪಸ್ ಜನ ಬಸ್ಸಲ್ಲೇ ಬರ್ತಾರೆ. ಕಾಯಬೇಡಿ.”

ಹಲಗೆಯ ನೀರನ್ನು ಬಕೆಟಿನಲ್ಲಿ ತೋಡಿ ಹಾಕಿದೆವು. ಹಿಂತಿರುಗುವಾಗ ಬೋಟಿನಲ್ಲಿ ನಾವಿಬ್ಬರೇ. ಅವನು ಹಿಡಿ ತಿರುವಿದ. ದರಿದ್ರ ಬೋಟು, ಭಾನುವಾರಕ್ಕಿಂತ ಚೆನ್ನಾಗಿ ಓಡಿತು.

“ಏನಾದ್ರೂ ಹೇಳೋ,” ಎಂದ ಭಾವ. “ಬಾಯಿಗೆ ಬೀಗ ಹಾಕ್ಕೊಂಡಿದೀಯಲ್ಲ.”

“ನಿಧಾನ ಹೋಗು ಭಾವ.”

ನಮ್ಮ ದಡದಲ್ಲಿ ಅಕ್ಕ ನಿಂತಿದ್ದಳು. ಬೋಟು ಹಾರಿ ಬರುತ್ತಿರುವುದನ್ನು ಕಂಡು, ನಾವು ಗೆದ್ದೆವೆಂದುಕೊಂಡು ಎರಡೂ ಕೈ ಎತ್ತಿದಳು. ಏನೋ ಕೂಗುತ್ತ, ನಗುತ್ತ, ನೀರು ಕಂಡರೆ ಓಡುತ್ತಿದ್ದವಳು ಸೀರೆ ಎತ್ತಿ ಹಿಡಿದು ಪಾದ ಮುಳುಗುವಷ್ಟು ನೀರಿಗಿಳಿದು ಬಂದಳು.

ಭಾವ ವೇಗ ತಗ್ಗಿಸಲಿಲ್ಲ.